ಪ್ಲಾಸ್ಮಾ ದಾನ: ವಿಧಾನ, ದಾನಿಯ ಅರ್ಹತೆ ಮತ್ತು ಸುರಕ್ಷತೆ – ಸಾರ್ವಜನಿಕರಿಗೆ ಮಾಹಿತಿ

ಸಂಡೂರು ತಾಲ್ಲೂಕಿನ ಯಶವಂತನಗರ ಹಾಗೂ ಸುತ್ತಮುತ್ತಲಿನ ಗ್ರಾಮಗಳ, ಮತ್ತು ಕಂಪ್ಲಿ, ಹೊಸಪೇಟೆ, ಹಂಪಿ ಭಾಗದ ಸಾರ್ವಜನಿಕರಿಂದ ರಕ್ತ, ಪ್ಲಾಸ್ಮಾ ಮತ್ತು ಪ್ಲೇಟ್‌ಲೆಟ್ ದಾನದ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆಗಳಿಗೆ ಒಂದೆಡೆ ಉತ್ತರ ಒದಗಿಸುವ ಉದ್ದೇಶದಿಂದ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ. ದಾನ ಮಾಡಲು ಇಚ್ಛಿಸುವವರು, ರೋಗಿಗಾಗಿ ಪ್ಲಾಸ್ಮಾ ಪಡೆಯಬೇಕಾದವರು ಹಾಗೂ ತಮ್ಮ ಊರಿನಲ್ಲಿ ರಕ್ತದಾನ ಶಿಬಿರ ಏರ್ಪಡಿಸಲು ಬಯಸುವ ಸಂಘ ಸಂಸ್ಥೆಗಳು ಇದನ್ನು ಪೂರ್ಣವಾಗಿ ಓದಿಕೊಳ್ಳುವಂತೆ ಕೋರಲಾಗಿದೆ.

1. ಪ್ಲಾಸ್ಮಾ ಎಂದರೇನು?

ರಕ್ತವು ನೋಡಲು ಒಂದೇ ದ್ರವದಂತೆ ಕಂಡರೂ ಅದರಲ್ಲಿ ಎರಡು ಭಾಗಗಳಿವೆ. ಕೆಂಪು ರಕ್ತಕಣ, ಬಿಳಿ ರಕ್ತಕಣ ಮತ್ತು ಪ್ಲೇಟ್‌ಲೆಟ್‌ಗಳು ಸೇರಿ ಸುಮಾರು ಶೇಕಡ 45ರಷ್ಟು ಭಾಗ. ಉಳಿದ ಶೇಕಡ 55ರಷ್ಟು ಭಾಗ ತಿಳಿಹಳದಿ ಬಣ್ಣದ ದ್ರವ. ಇದೇ ಪ್ಲಾಸ್ಮಾ. ಇದರಲ್ಲಿ ಶೇಕಡ 90ಕ್ಕಿಂತ ಹೆಚ್ಚು ನೀರಿದ್ದು, ಉಳಿದುದರಲ್ಲಿ ಪ್ರೋಟೀನುಗಳು, ಲವಣಗಳು ಹಾಗೂ ಪೋಷಕಾಂಶಗಳು ಇರುತ್ತವೆ. ಪ್ರೋಟೀನುಗಳಲ್ಲಿ ಮುಖ್ಯವಾದವು ಮೂರು ಬಗೆಯವು:

(ಅ) ಆಲ್ಬುಮಿನ್ – ರಕ್ತನಾಳಗಳೊಳಗೆ ನೀರಿನ ಅಂಶವನ್ನು ಹಿಡಿದಿಡುತ್ತದೆ.
(ಆ) ಇಮ್ಯುನೋಗ್ಲೋಬುಲಿನ್‌ಗಳು – ಸೋಂಕುಗಳನ್ನು ಎದುರಿಸುವ ಪ್ರತಿಕಾಯಗಳು.
(ಇ) ರಕ್ತ ಹೆಪ್ಪುಗಟ್ಟಿಸುವ ಅಂಶಗಳು – ಫೈಬ್ರಿನೋಜೆನ್, ಎಂಟನೆಯ ಅಂಶ, ಒಂಬತ್ತನೆಯ ಅಂಶ ಮುಂತಾದವು.

2. ಪ್ಲಾಸ್ಮಾ ಯಾರಿಗೆ ಬೇಕಾಗುತ್ತದೆ?

ತೀವ್ರ ಸುಟ್ಟಗಾಯ, ಹೆರಿಗೆಯ ಸಮಯದ ಅತಿಯಾದ ರಕ್ತಸ್ರಾವ, ಗಣಿ ಅಥವಾ ರಸ್ತೆ ಅಪಘಾತದಲ್ಲಿನ ಭಾರಿ ಗಾಯ, ಯಕೃತ್ತಿನ ಕಾಯಿಲೆಯಿಂದ ರಕ್ತ ಹೆಪ್ಪುಗಟ್ಟದಿರುವ ಸ್ಥಿತಿ – ಇಂತಹ ಸಂದರ್ಭಗಳಲ್ಲಿ ಪ್ಲಾಸ್ಮಾ ಅಥವಾ ಅದರಿಂದ ತಯಾರಿಸಿದ ಔಷಧಗಳನ್ನು ವೈದ್ಯರು ಬಳಸುತ್ತಾರೆ. ಹಿಮೋಫಿಲಿಯಾ ಕಾಯಿಲೆಯಿರುವ ಮಕ್ಕಳಿಗೆ ನೀಡುವ ರಕ್ತ ಹೆಪ್ಪುಗಟ್ಟಿಸುವ ಅಂಶ, ರೋಗನಿರೋಧಕ ಶಕ್ತಿ ಇಲ್ಲದವರಿಗೆ ನೀಡುವ ಇಮ್ಯುನೋಗ್ಲೋಬುಲಿನ್, ಆರ್‌ಎಚ್ ನೆಗೆಟಿವ್ ಗುಂಪಿನ ಗರ್ಭಿಣಿಯರಿಗೆ ನೀಡುವ ಆಂಟಿ-ಡಿ ಚುಚ್ಚುಮದ್ದು – ಇವೆಲ್ಲವೂ ಮಾನವ ಪ್ಲಾಸ್ಮಾದಿಂದ ಪಡೆಯಬಹುದಾದ ಔಷಧಗಳು.

ಇಲ್ಲಿ ಸಾರ್ವಜನಿಕರು ಗಮನಿಸಬೇಕಾದ ಎರಡು ಸಂಗತಿಗಳಿವೆ. ಮೊದಲನೆಯದಾಗಿ, ಹಾವು ಕಚ್ಚಿದಾಗ ಮೊದಲು ಬೇಕಾದುದು ಪ್ಲಾಸ್ಮಾ ಅಲ್ಲ, ವಿಷನಿರೋಧಕ ಚುಚ್ಚುಮದ್ದು. ಇದನ್ನು ಕುದುರೆಗಳ ಪ್ಲಾಸ್ಮಾದಿಂದ ತಯಾರಿಸಲಾಗುತ್ತದೆ. ಆದುದರಿಂದ ದಾನಿಯನ್ನು ಹುಡುಕುತ್ತಾ ಕಾಲಹರಣ ಮಾಡದೆ ರೋಗಿಯನ್ನು ತಕ್ಷಣ ಸಮೀಪದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಎರಡನೆಯದಾಗಿ, ಡೆಂಗ್ಯೂ ಜ್ವರದಲ್ಲಿ ಪ್ಲೇಟ್‌ಲೆಟ್ ಸಂಖ್ಯೆ ಇಳಿದ ಮಾತ್ರಕ್ಕೆ ಪ್ಲಾಸ್ಮಾ ಕೊಡುವ ಅಗತ್ಯವಿರುವುದಿಲ್ಲ. ಯಾವ ಘಟಕ, ಎಷ್ಟು, ಯಾವಾಗ ಎಂಬುದನ್ನು ಚಿಕಿತ್ಸೆ ನೀಡುವ ವೈದ್ಯರೇ ನಿರ್ಧರಿಸುತ್ತಾರೆ.

3. ಪ್ಲಾಸ್ಮಾ ಪಡೆಯುವ ಎರಡು ವಿಧಾನಗಳು

3.1 ಸಾಮಾನ್ಯ ರಕ್ತದಾನದಿಂದ: ನಮ್ಮ ದೇಶದಲ್ಲಿ ರೋಗಿಗಳಿಗೆ ದೊರೆಯುವ ಪ್ಲಾಸ್ಮಾದ ಬಹುಭಾಗ ಈ ವಿಧಾನದಿಂದಲೇ ಬರುತ್ತದೆ. ದಾನಿಯಿಂದ 350 ಅಥವಾ 450 ಮಿಲಿಲೀಟರ್ ರಕ್ತವನ್ನು ಚೀಲದಲ್ಲಿ ಸಂಗ್ರಹಿಸಿ, ಘಟಕ ವಿಂಗಡಣೆಯ ಸೌಲಭ್ಯವಿರುವ ರಕ್ತಕೇಂದ್ರದಲ್ಲಿ ಯಂತ್ರದ ಮೂಲಕ ವೇಗವಾಗಿ ತಿರುಗಿಸಲಾಗುತ್ತದೆ. ಭಾರವಾದ ಕೆಂಪು ಕಣಗಳು ತಳಕ್ಕೆ ಇಳಿದು ಪ್ಲಾಸ್ಮಾ ಮೇಲೆ ನಿಲ್ಲುತ್ತದೆ. ಅದನ್ನು ಬೇರೆ ಚೀಲಕ್ಕೆ ವರ್ಗಾಯಿಸಿ, ರಕ್ತ ಸಂಗ್ರಹಿಸಿದ 6 ಗಂಟೆಗಳೊಳಗೆ ಹೆಪ್ಪುಗಟ್ಟಿಸಿ, ಮೈನಸ್ 30 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಉಷ್ಣಾಂಶದಲ್ಲಿ ಇಟ್ಟರೆ ಒಂದು ವರ್ಷದವರೆಗೆ ಬಳಸಬಹುದು. ಆದುದರಿಂದ ಊರಿನ ಶಾಲೆಯಲ್ಲಿಯೋ ಸಮುದಾಯ ಭವನದಲ್ಲಿಯೋ ನಡೆಯುವ ಶಿಬಿರದಲ್ಲಿ ರಕ್ತ ನೀಡಿದವರು, ಆ ರಕ್ತ ವಿಂಗಡಣೆಯಾದಲ್ಲಿ, ತಮಗೆ ತಿಳಿಯದೆಯೇ ಪ್ಲಾಸ್ಮಾ ದಾನಿಗಳೂ ಆಗಿರುತ್ತಾರೆ. ಒಬ್ಬರ ಒಂದು ದಾನ ಒಂದಕ್ಕಿಂತ ಹೆಚ್ಚು ರೋಗಿಗಳಿಗೆ ಉಪಯೋಗವಾಗುವುದು ಹೀಗೆ.

3.2 ಪ್ಲಾಸ್ಮಾಫೆರಿಸಿಸ್: ಈ ವಿಧಾನದಲ್ಲಿ ದಾನಿಯಿಂದ ಪ್ಲಾಸ್ಮಾ ಮಾತ್ರ ಪಡೆದು ಉಳಿದ ರಕ್ತಕಣಗಳನ್ನು ಅದೇ ದಾನಿಯ ದೇಹಕ್ಕೆ ಮರಳಿಸಲಾಗುತ್ತದೆ. ಇದಕ್ಕೆ ರಕ್ತಕಣ ವಿಂಗಡಿಸುವ ವಿಶೇಷ ಯಂತ್ರ ಹಾಗೂ ಪ್ರತ್ಯೇಕ ಪರವಾನಗಿ ಬೇಕು. ಎಲ್ಲ ರಕ್ತಕೇಂದ್ರಗಳಲ್ಲಿ ಈ ಸೌಲಭ್ಯ ಇರುವುದಿಲ್ಲ. ಹೊರಗಿನ ಶಿಬಿರಗಳಲ್ಲಿ ಇದನ್ನು ನಡೆಸುವುದಿಲ್ಲ. ದಾನಿಯು ಖುದ್ದಾಗಿ ಪರವಾನಗಿ ಪಡೆದ ಕೇಂದ್ರಕ್ಕೆ ಹೋಗಬೇಕಾಗುತ್ತದೆ.

4. ಪ್ಲಾಸ್ಮಾಫೆರಿಸಿಸ್ ಹೇಗೆ ನಡೆಯುತ್ತದೆ?

(1) ನೋಂದಣಿ ಮತ್ತು ಪ್ರಶ್ನಾವಳಿ: ದಾನಿಯು ಹೆಸರು, ವಯಸ್ಸು, ವಿಳಾಸ, ಹಿಂದಿನ ಕಾಯಿಲೆ, ಸೇವಿಸುತ್ತಿರುವ ಔಷಧ ಮುಂತಾದ ವಿವರಗಳನ್ನು ಸತ್ಯವಾಗಿ ತಿಳಿಸಬೇಕು. ಈ ವಿವರಗಳನ್ನು ಗೌಪ್ಯವಾಗಿ ಇಡಲಾಗುತ್ತದೆ.

(2) ತಪಾಸಣೆ: ವೈದ್ಯರು ತೂಕ, ರಕ್ತದೊತ್ತಡ, ನಾಡಿಬಡಿತ, ಉಷ್ಣಾಂಶ ಪರೀಕ್ಷಿಸುತ್ತಾರೆ. ಹಿಮೋಗ್ಲೋಬಿನ್ ಪರೀಕ್ಷೆ ಕಡ್ಡಾಯ. ಪದೇ ಪದೇ ಪ್ಲಾಸ್ಮಾ ನೀಡುವವರ ರಕ್ತದಲ್ಲಿ ಪ್ರೋಟೀನಿನ ಪ್ರಮಾಣವು 100 ಮಿಲಿಲೀಟರಿಗೆ 6 ಗ್ರಾಂ ಇರಬೇಕು. ಎರಡೂ ತೋಳುಗಳ ರಕ್ತನಾಳ ಸೂಜಿ ಹಾಕಲು ಯೋಗ್ಯವಾಗಿದೆಯೇ ಎಂದೂ ನೋಡುತ್ತಾರೆ.

(3) ಸಮ್ಮತಿ: ವಿಧಾನ ಹಾಗೂ ಸಂಭವನೀಯ ತೊಂದರೆಗಳನ್ನು ವಿವರಿಸಿದ ನಂತರವೇ ದಾನಿಯ ಲಿಖಿತ ಸಮ್ಮತಿ ಪಡೆಯಲಾಗುತ್ತದೆ. ಅರ್ಥವಾಗದ ಭಾಷೆಯಲ್ಲಿರುವ ಸಮ್ಮತಿ ಪತ್ರಕ್ಕೆ ಸಹಿ ಹಾಕಬಾರದು. ಕನ್ನಡದಲ್ಲಿ ಓದಿ ಹೇಳುವಂತೆ ಕೇಳುವುದು ದಾನಿಯ ಹಕ್ಕು. ಸಹಿ ಹಾಕಿದ ನಂತರವೂ, ಯಂತ್ರ ಚಾಲನೆಯಲ್ಲಿದ್ದಾಗಲೂ, ಬೇಡವೆನಿಸಿದರೆ ನಿಲ್ಲಿಸುವಂತೆ ಹೇಳಬಹುದು.

(4) ಸಂಗ್ರಹ: ತೋಳಿನ ರಕ್ತನಾಳಕ್ಕೆ ಸೂಜಿ ಹಾಕಿ ಸ್ವಲ್ಪ ಸ್ವಲ್ಪವಾಗಿ ರಕ್ತವನ್ನು ಯಂತ್ರಕ್ಕೆ ಹರಿಸಲಾಗುತ್ತದೆ. ಅದು ಕೊಳವೆಯಲ್ಲಿ ಹೆಪ್ಪುಗಟ್ಟದಂತೆ ಸಿಟ್ರೇಟ್ ಎಂಬ ದ್ರಾವಣ ಬೆರೆಯುತ್ತದೆ. ಯಂತ್ರವು ಪ್ಲಾಸ್ಮಾವನ್ನು ಬೇರ್ಪಡಿಸಿ ಚೀಲಕ್ಕೆ ಕಳುಹಿಸಿ, ರಕ್ತಕಣಗಳನ್ನು ದಾನಿಗೆ ಹಿಂದಿರುಗಿಸುತ್ತದೆ. ಈ ಸುತ್ತು ಹಲವು ಬಾರಿ ನಡೆಯುತ್ತದೆ. ಒಟ್ಟು ಸುಮಾರು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯಬಹುದು.

(5) ವಿಶ್ರಾಂತಿ: ಸೂಜಿ ತೆಗೆದ ಜಾಗವನ್ನು ಒತ್ತಿ ಹಿಡಿದು, ಪಟ್ಟಿ ಹಾಕಿ, ದಾನಿಗೆ ಪಾನೀಯ ಮತ್ತು ಲಘು ಉಪಾಹಾರ ನೀಡಿ, ಸ್ವಲ್ಪ ಹೊತ್ತು ಅಲ್ಲಿಯೇ ಕುಳ್ಳಿರಿಸಲಾಗುತ್ತದೆ. ಇದನ್ನು ತಪ್ಪಿಸಿ ಅವಸರದಲ್ಲಿ ಹೊರಡಬಾರದು.

ಈ ವಿಧಾನದಲ್ಲಿ ದಾನಿಯ ರಕ್ತ ತಗಲುವ ಸೂಜಿ, ಕೊಳವೆ, ಬಟ್ಟಲು, ಚೀಲ ಎಲ್ಲವೂ ಒಂದೇ ಬಾರಿ ಬಳಸಿ ಬಿಸಾಡುವಂತಹವು. ಯಂತ್ರದ ಒಳಭಾಗಕ್ಕೆ ರಕ್ತ ತಗಲುವುದಿಲ್ಲ. ಆದುದರಿಂದ ನಿಯಮಾನುಸಾರ ನಡೆದ ದಾನದಿಂದ ದಾನಿಗೆ ಎಚ್‌ಐವಿ ಅಥವಾ ಕಾಮಾಲೆಯಂತಹ ಸೋಂಕು ಬರಲು ಸಾಧ್ಯವಿಲ್ಲ. ಸೀಲು ಒಡೆಯದ ಹೊಸ ಕಿಟ್ ಅನ್ನು ತನ್ನ ಕಣ್ಣೆದುರು ತೆರೆಯುವಂತೆ ದಾನಿಯು ಕೇಳಬಹುದು.

5. ದೇಹದಿಂದ ಎಷ್ಟು ಹೋಗುತ್ತದೆ, ಎಷ್ಟು ಮರಳುತ್ತದೆ?

ಇದನ್ನು ಜಮಾ ಖರ್ಚಿನ ರೀತಿಯಲ್ಲಿ ನೋಡಿದರೆ ಸುಲಭವಾಗಿ ತಿಳಿಯುತ್ತದೆ. ವಯಸ್ಕ ಪುರುಷನಲ್ಲಿ ಪ್ರತಿ ಕಿಲೋಗ್ರಾಂ ತೂಕಕ್ಕೆ ಸುಮಾರು 70 ಮಿಲಿಲೀಟರ್ ರಕ್ತ ಇರುತ್ತದೆಂದು ಲೆಕ್ಕ ಹಿಡಿಯಲಾಗುತ್ತದೆ. ಮಹಿಳೆಯರಲ್ಲಿ ಇದು ಸ್ವಲ್ಪ ಕಡಿಮೆ. 60 ಕಿಲೋಗ್ರಾಂ ತೂಕದ ಪುರುಷನಲ್ಲಿ ಸುಮಾರು 4200 ಮಿಲಿಲೀಟರ್ ರಕ್ತವಿದ್ದು, ಅದರಲ್ಲಿ ಸುಮಾರು 2300 ಮಿಲಿಲೀಟರ್ ಪ್ಲಾಸ್ಮಾ ಇರುತ್ತದೆ. ಭಾರತದ ಔಷಧ ನಿಯಮಗಳು, 1945ರ ಪ್ರಕಾರ ಒಂದು ಬಾರಿಗೆ 500 ಮಿಲಿಲೀಟರಿಗಿಂತ ಹೆಚ್ಚು ಪ್ಲಾಸ್ಮಾ ತೆಗೆಯುವಂತಿಲ್ಲ. ಅಂದರೆ ಮೇಲಿನ ಉದಾಹರಣೆಯಲ್ಲಿ ಗರಿಷ್ಠ ಖರ್ಚು ಸುಮಾರು ಐದನೆಯ ಒಂದು ಭಾಗ. ಯಾವುದೇ ಹಂತದಲ್ಲಿ ದೇಹದ ಹೊರಗೆ ಯಂತ್ರದಲ್ಲಿರುವ ರಕ್ತವು ದಾನಿಯ ಒಟ್ಟು ರಕ್ತದ ಶೇಕಡ 15ನ್ನು ಮೀರಬಾರದೆಂದೂ ನಿಯಮವಿದೆ.

ಹೋದ ನೀರಿನ ಅಂಶವನ್ನು ದೇಹವು ಸಾಮಾನ್ಯವಾಗಿ 24ರಿಂದ 48 ಗಂಟೆಗಳಲ್ಲಿ ತುಂಬಿಕೊಳ್ಳುತ್ತದೆ. ಪ್ರೋಟೀನುಗಳು ತುಂಬಿಕೊಳ್ಳಲು ಇನ್ನೂ ಹೆಚ್ಚು ದಿನ ಬೇಕು. ಈ ಕಾರಣದಿಂದಲೇ ನಮ್ಮ ನಿಯಮವು ಹದಿನೈದು ದಿನಕ್ಕೊಮ್ಮೆ ಮಾತ್ರ, ತಿಂಗಳಿಗೆ ಒಟ್ಟು 1000 ಮಿಲಿಲೀಟರ್ ಮೀರದಂತೆ, ಎಂಬ ಮಿತಿ ವಿಧಿಸಿದೆ. ಅಮೆರಿಕದಲ್ಲಿ ವಾರಕ್ಕೆ ಎರಡು ಬಾರಿಯವರೆಗೆ ಪ್ಲಾಸ್ಮಾ ನೀಡಲು ಅವಕಾಶವಿದೆ, ಅಲ್ಲಿ ದಾನಿಗಳಿಗೆ ಹಣವನ್ನೂ ಕೊಡಲಾಗುತ್ತದೆ. ಅಂತರ್ಜಾಲದಲ್ಲಿ ಅಲ್ಲಿನ ವಿವರಗಳನ್ನು ಓದಿದವರು ಅದು ಇಲ್ಲಿಗೂ ಅನ್ವಯಿಸುತ್ತದೆಂದು ಭಾವಿಸಬಾರದು.

ಸಾಮಾನ್ಯ ರಕ್ತದಾನದಲ್ಲಿ ಕೆಂಪು ಕಣಗಳೂ, ಅವುಗಳೊಡನೆ ಕಬ್ಬಿಣದ ಅಂಶವೂ ಹೋಗುತ್ತವೆ. ಅವು ತುಂಬಿಕೊಳ್ಳಲು ವಾರಗಳೇ ಬೇಕಾಗುವುದರಿಂದ ಪುರುಷರಿಗೆ 90 ದಿನ ಹಾಗೂ ಮಹಿಳೆಯರಿಗೆ 120 ದಿನಗಳ ಅಂತರ ನಿಗದಿಯಾಗಿದೆ.

6. ದಾನಿಯ ಅರ್ಹತೆ

2020ರ ಮಾರ್ಚ್ ತಿಂಗಳಲ್ಲಿ ತಿದ್ದುಪಡಿಯಾದ ನಿಯಮಗಳಂತೆ ಮುಖ್ಯ ಅರ್ಹತೆಗಳು ಈ ಕೆಳಕಂಡಂತಿವೆ:

(1) ವಯಸ್ಸು: ಸಾಮಾನ್ಯ ರಕ್ತದಾನಕ್ಕೆ 18ರಿಂದ 65 ವರ್ಷ. ಮೊದಲ ಬಾರಿ ದಾನ ಮಾಡುವವರು 60 ವರ್ಷ ಮೀರಿರಬಾರದು. ಯಂತ್ರದ ಮೂಲಕ ಪ್ಲಾಸ್ಮಾ ಅಥವಾ ಪ್ಲೇಟ್‌ಲೆಟ್ ನೀಡಲು 18ರಿಂದ 60 ವರ್ಷ.
(2) ತೂಕ: 350 ಮಿಲಿಲೀಟರ್ ರಕ್ತದಾನಕ್ಕೆ ಕನಿಷ್ಠ 45 ಕಿಲೋಗ್ರಾಂ. 450 ಮಿಲಿಲೀಟರಿಗೆ 55 ಕಿಲೋಗ್ರಾಂಗಿಂತ ಹೆಚ್ಚು. ಯಂತ್ರದ ಮೂಲಕ ದಾನಕ್ಕೆ ಕನಿಷ್ಠ 50 ಕಿಲೋಗ್ರಾಂ.
(3) ಹಿಮೋಗ್ಲೋಬಿನ್: 100 ಮಿಲಿಲೀಟರಿಗೆ 12.5 ಗ್ರಾಂಗಿಂತ ಕಡಿಮೆ ಇರಬಾರದು.
(4) ರಕ್ತದೊತ್ತಡ: ಮೇಲಿನ ಅಂಕಿ 100ರಿಂದ 140, ಕೆಳಗಿನ ಅಂಕಿ 60ರಿಂದ 90. ನಾಡಿಬಡಿತ ನಿಮಿಷಕ್ಕೆ 60ರಿಂದ 100.
(5) ದಾನಿಯು ಉಪವಾಸವಿರಬಾರದು. ಮದ್ಯಪಾನ ಮಾಡಿರಬಾರದು.

ಈ ಕೆಳಗಿನವರು ತಾತ್ಕಾಲಿಕವಾಗಿ ದಾನ ಮಾಡುವಂತಿಲ್ಲ: ಗರ್ಭಿಣಿಯರು ಮತ್ತು ಹೆರಿಗೆಯಾಗಿ 12 ತಿಂಗಳು ಕಳೆಯದವರು, ಎದೆಹಾಲು ಉಣಿಸುತ್ತಿರುವ ತಾಯಂದಿರು, ಗರ್ಭಪಾತವಾಗಿ 6 ತಿಂಗಳು ಕಳೆಯದವರು, ಮಲೇರಿಯಾದಿಂದ ಗುಣಮುಖರಾಗಿ 3 ತಿಂಗಳು ಕಳೆಯದವರು, ದೊಡ್ಡ ಶಸ್ತ್ರಚಿಕಿತ್ಸೆಯಾಗಿ ಅಥವಾ ಹಚ್ಚೆ ಹಾಕಿಸಿಕೊಂಡು 12 ತಿಂಗಳು ಕಳೆಯದವರು, ತಾವೇ ರಕ್ತ ಪಡೆದು 12 ತಿಂಗಳು ಕಳೆಯದವರು. ಇನ್ಸುಲಿನ್ ಪಡೆಯುವ ಮಧುಮೇಹಿಗಳು ದಾನಿಗಳಾಗಲು ಬರುವುದಿಲ್ಲ.

ಗಣಿ ಪ್ರದೇಶದ ನಾಗರಿಕರಿಗೆ ವಿಶೇಷ ಸೂಚನೆ: ರಾತ್ರಿ ಪಾಳಿ ಮುಗಿಸಿ ಸಾಕಷ್ಟು ನಿದ್ರೆ ಮಾಡದವರು ದಾನ ಮಾಡುವಂತಿಲ್ಲವೆಂದು ನಿಯಮದಲ್ಲಿಯೇ ಹೇಳಿದೆ. ಹಾಗೆಯೇ ದೂರದ ಪ್ರಯಾಣದ ವಾಹನ ಚಾಲಕರು ಹಾಗೂ ಕಠಿಣ ದೈಹಿಕ ಶ್ರಮದ ಕೆಲಸಗಾರರು ತಮ್ಮ ಮುಂದಿನ ಪಾಳಿಗೆ ಕನಿಷ್ಠ 24 ಗಂಟೆಗಳ ಅವಧಿ ಇದ್ದಾಗ ಮಾತ್ರ ದಾನ ಮಾಡಬೇಕು. ಅದಿರು ಲಾರಿ ಓಡಿಸುವವರು, ಗಣಿಯಲ್ಲಿ ಯಂತ್ರ ನಡೆಸುವವರು ಈ ನಿಯಮವನ್ನು ಹಗುರವಾಗಿ ಕಾಣಬಾರದು. ದಾನ ಮಾಡಿದ ದಿನವೇ ಚಕ್ರ ಹಿಡಿದಾಗ ತಲೆಸುತ್ತು ಬಂದರೆ ಅಪಾಯ ದಾನಿಗೆ ಮಾತ್ರವಲ್ಲ, ರಸ್ತೆಯಲ್ಲಿರುವ ಎಲ್ಲರಿಗೂ ಆಗುತ್ತದೆ. ಶಿಬಿರ ಏರ್ಪಡಿಸುವ ಕಂಪನಿಗಳು ಮತ್ತು ಸಂಘಗಳು ವಾರದ ರಜೆಯ ಹಿಂದಿನ ದಿನ ಅಥವಾ ರಜೆಯ ದಿನದ ಬೆಳಿಗ್ಗೆ ಶಿಬಿರ ನಡೆಸುವುದು ಸೂಕ್ತ.

ಹಿಮೋಗ್ಲೋಬಿನ್ ಕಡಿಮೆಯೆಂದು ಹಿಂದಿರುಗಿಸಲ್ಪಟ್ಟವರು ಅದನ್ನು ಅವಮಾನವೆಂದು ತಿಳಿಯಬಾರದು. ಇದು ರಕ್ತಹೀನತೆಯ ಸೂಚನೆಯಾಗಿರಬಹುದು. ವಿಶೇಷವಾಗಿ ಮಹಿಳೆಯರು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಪಾಸಣೆ ಮಾಡಿಸಿಕೊಂಡು ಚಿಕಿತ್ಸೆ ಪಡೆಯತಕ್ಕದ್ದು. ದಾನ ಮಾಡಲು ಹೋಗಿ ತನ್ನ ಕಾಯಿಲೆಯನ್ನು ಸಕಾಲದಲ್ಲಿ ತಿಳಿದುಕೊಂಡರೆ ಅದೂ ಒಂದು ಲಾಭವೇ.

7. ದಾನಿಗೆ ಆಗಬಹುದಾದ ತೊಂದರೆಗಳು

ಯಾವ ತೊಂದರೆಯೂ ಆಗುವುದೇ ಇಲ್ಲವೆಂದು ಹೇಳುವುದು ಸರಿಯಲ್ಲ. ಬಹುತೇಕ ತೊಂದರೆಗಳು ಅಲ್ಪ ಸ್ವರೂಪದವಾಗಿದ್ದು, ಅಲ್ಲಿಯೇ ಪರಿಹಾರವಾಗುತ್ತವೆ.

(1) ತಲೆಸುತ್ತು, ಬೆವರು, ವಾಕರಿಕೆ: ಭಯ, ಹಸಿವು ಅಥವಾ ನಿದ್ರೆಗೇಡಿನಿಂದ ಹೆಚ್ಚಾಗಿ ಉಂಟಾಗುತ್ತದೆ. ಮಲಗಿಸಿ ಕಾಲುಗಳನ್ನು ಎತ್ತರಿಸಿದರೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ.
(2) ಸೂಜಿ ಹಾಕಿದಲ್ಲಿ ನೋವು, ಬಾವು, ನೀಲಿ ಕಲೆ: ಕೆಲವು ದಿನಗಳಲ್ಲಿ ಮಾಯವಾಗುತ್ತದೆ. ಬಾವು ಹೆಚ್ಚಾದರೆ, ಕೈ ಜೋಮು ಹಿಡಿದರೆ ಅಥವಾ ನೋವು ಬೆರಳುಗಳವರೆಗೆ ಹರಡಿದರೆ ರಕ್ತಕೇಂದ್ರದ ವೈದ್ಯರಿಗೆ ತೋರಿಸತಕ್ಕದ್ದು.
(3) ತುಟಿ ಹಾಗೂ ಬೆರಳ ತುದಿಗಳಲ್ಲಿ ಜುಮುಗುಟ್ಟುವಿಕೆ: ಇದು ಯಂತ್ರದ ಮೂಲಕ ನೀಡುವ ದಾನದಲ್ಲಿ ಕಾಣುವ ತೊಂದರೆ. ಸಿಟ್ರೇಟ್ ದ್ರಾವಣವು ರಕ್ತದಲ್ಲಿನ ಕ್ಯಾಲ್ಸಿಯಂ ಅನ್ನು ತಾತ್ಕಾಲಿಕವಾಗಿ ಕಟ್ಟಿಹಾಕುವುದರಿಂದ ಉಂಟಾಗುತ್ತದೆ. ದಾನಿಯು ಕೂಡಲೇ ಸಿಬ್ಬಂದಿಗೆ ತಿಳಿಸಬೇಕು. ಯಂತ್ರದ ವೇಗ ಇಳಿಸಿ, ಕ್ಯಾಲ್ಸಿಯಂ ನೀಡಿದರೆ ಸರಿಹೋಗುತ್ತದೆ. ತಿಳಿಸದೆ ಸಹಿಸಿಕೊಂಡು ಕುಳಿತರೆ ಸ್ನಾಯು ಸೆಳೆತದವರೆಗೂ ಹೋಗಬಹುದು.
(4) ಚಳಿಯ ಅನುಭವ: ಯಂತ್ರದಿಂದ ಮರಳುವ ರಕ್ತ ತುಸು ತಣ್ಣಗಿರುವುದರಿಂದ ಆಗುತ್ತದೆ. ಹೊದಿಕೆ ಕೇಳಿ ಪಡೆಯಬಹುದು.
(5) ತೀವ್ರ ಅಲರ್ಜಿ, ನರಕ್ಕೆ ಪೆಟ್ಟು, ರಕ್ತಕಣಗಳು ಒಡೆಯುವುದು ಮುಂತಾದ ಗಂಭೀರ ತೊಂದರೆಗಳು ಬಹಳ ಅಪರೂಪ. ಇವುಗಳನ್ನು ಎದುರಿಸಲು ಔಷಧ ಹಾಗೂ ವೈದ್ಯರು ಸ್ಥಳದಲ್ಲಿಯೇ ಇರಬೇಕಾದುದು ಕಡ್ಡಾಯ.

ದಾನದ ದಿನ ಹೆಚ್ಚು ನೀರು, ಮಜ್ಜಿಗೆ ಕುಡಿಯಬೇಕು, ಭಾರ ಎತ್ತಬಾರದು, ಬಿಸಿಲಿನಲ್ಲಿ ದುಡಿಯಬಾರದು, ಸೂಜಿ ಹಾಕಿದ ಕೈಯಿಂದ ಕೊಡ ಹೊರುವುದು, ನೀರು ಸೇದುವುದು ಮಾಡಬಾರದು.

8. ನಿಯಮಗಳು ಇಷ್ಟು ಬಿಗಿಯಾಗಿರುವುದು ಏಕೆ?

ಪ್ಲಾಸ್ಮಾ ಸಂಗ್ರಹದಲ್ಲಿ ನಿಯಮ ಮುರಿದಾಗ ಏನಾಗುತ್ತದೆ ಎಂಬುದಕ್ಕೆ ಉದಾಹರಣೆಗಳಿವೆ. ಚೀನಾದ ಹೆನಾನ್ ಪ್ರಾಂತ್ಯದಲ್ಲಿ 1990ರ ದಶಕದಲ್ಲಿ ಹಣ ಕೊಟ್ಟು ಬಡ ರೈತರಿಂದ ಪ್ಲಾಸ್ಮಾ ಪಡೆಯಲಾಯಿತು. ಹಲವರ ಕೆಂಪು ಕಣಗಳನ್ನು ಒಟ್ಟಿಗೆ ಬೆರೆಸಿ ಮತ್ತೆ ಅವರಿಗೇ ಹಿಂದಿರುಗಿಸಿದ್ದರಿಂದ ಅಪಾರ ಸಂಖ್ಯೆಯ ಜನರಿಗೆ ಎಚ್‌ಐವಿ ಸೋಂಕು ತಗಲಿತು. ನಮ್ಮ ನೆರೆಯ ಮಹಾರಾಷ್ಟ್ರದ ಪುಣೆಯಲ್ಲಿಯೂ ಹಣಕ್ಕಾಗಿ ಪ್ಲಾಸ್ಮಾ ನೀಡುತ್ತಿದ್ದವರಲ್ಲಿ ಎಚ್‌ಐವಿ ಹರಡಿದ್ದು 1989ರಲ್ಲಿ ವರದಿಯಾಯಿತು. ಎರಡೂ ಕಡೆ ಸೋಂಕಿಗೆ ಒಳಗಾದವರು ಪ್ಲಾಸ್ಮಾ ಪಡೆದವರಲ್ಲ, ಕೊಟ್ಟವರು.

ಕಾಮನ್ ಕಾಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರ ಜನವರಿ 4ರಂದು ನೀಡಿದ ತೀರ್ಪಿನ ಮೇರೆಗೆ ರಾಷ್ಟ್ರೀಯ ಹಾಗೂ ರಾಜ್ಯ ಮಟ್ಟದ ರಕ್ತ ವರ್ಗಾವಣಾ ಮಂಡಳಿಗಳು ರಚನೆಯಾದವು. 1998ರ ಜನವರಿ 1ರಿಂದ ಹಣಕ್ಕಾಗಿ ರಕ್ತ ನೀಡುವ ಪದ್ಧತಿ ದೇಶದಲ್ಲಿ ನಿಷೇಧವಾಯಿತು. 2002ರ ರಾಷ್ಟ್ರೀಯ ರಕ್ತ ನೀತಿಯು ಸ್ವಯಂಪ್ರೇರಿತ, ಪ್ರತಿಫಲವಿಲ್ಲದ ದಾನವನ್ನೇ ಗುರಿಯಾಗಿಸಿಕೊಂಡಿದೆ. ಹಣದ ಆಸೆಯಿದ್ದಲ್ಲಿ ದಾನಿಯು ತನ್ನ ಕಾಯಿಲೆಯನ್ನು ಮರೆಮಾಚುವ ಸಂಭವ ಹೆಚ್ಚು, ತನ್ನ ಶಕ್ತಿ ಮೀರಿ ಪದೇ ಪದೇ ನೀಡುವ ಸಂಭವವೂ ಹೆಚ್ಚು. ಈ ನಿಷೇಧವು ರೋಗಿಯನ್ನೂ ದಾನಿಯನ್ನೂ ಕಾಯುತ್ತದೆ.

ಇದಕ್ಕೆ ಪ್ರತಿಯಾಗಿ, ನಿಯಮಬದ್ಧವಾಗಿ ನೀಡಿದ ಪ್ಲಾಸ್ಮಾದ ಫಲಕ್ಕೆ ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ ಅವರು ಉದಾಹರಣೆ. ಅವರ ಪ್ಲಾಸ್ಮಾದಲ್ಲಿ ಆಂಟಿ-ಡಿ ಪ್ರತಿಕಾಯ ವಿಶೇಷ ಪ್ರಮಾಣದಲ್ಲಿತ್ತು. 1954ರಿಂದ 2018ರವರೆಗೆ ಪ್ರತಿಫಲವಿಲ್ಲದೆ 1173 ಬಾರಿ ದಾನ ಮಾಡಿ, 81ನೆಯ ವಯಸ್ಸಿನಲ್ಲಿ ದಾನ ನಿಲ್ಲಿಸಿದರು. ಅವರ ದಾನದಿಂದ ತಯಾರಾದ ಔಷಧವು ಸುಮಾರು 24 ಲಕ್ಷ ಶಿಶುಗಳಿಗೆ ನೆರವಾಯಿತೆಂದು ಅಲ್ಲಿನ ರಕ್ತಸೇವಾ ಸಂಸ್ಥೆ ಅಂದಾಜು ಮಾಡಿದೆ. 2025ರಲ್ಲಿ 88ನೆಯ ವಯಸ್ಸಿನಲ್ಲಿ ಅವರು ನಿಧನರಾದರು.

9. ಕೋವಿಡ್ ಕಾಲದ ಪ್ಲಾಸ್ಮಾ ದಾನ – ಈಗಿನ ಸ್ಥಿತಿ

ಪ್ಲಾಸ್ಮಾ ದಾನವೆಂಬ ಮಾತು ನಮ್ಮ ರಾಜ್ಯದ ಮನೆಮನೆಗೆ ತಲುಪಿದ್ದು ಕೋವಿಡ್ ಕಾಲದಲ್ಲಿ. 2020ರ ಏಪ್ರಿಲ್‌ನಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ, ಗುಣಮುಖರಾದವರ ಪ್ಲಾಸ್ಮಾವನ್ನು ರೋಗಿಗಳಿಗೆ ನೀಡುವ ಪ್ರಯೋಗಕ್ಕೆ ಚಾಲನೆ ನೀಡಲಾಯಿತು. ಅದೇ ವರ್ಷದ ಜುಲೈ ತಿಂಗಳಲ್ಲಿ, ಪ್ಲಾಸ್ಮಾ ನೀಡುವ ಗುಣಮುಖರಿಗೆ ರೂ. 5,000 ಪ್ರೋತ್ಸಾಹಧನ ನೀಡುವುದಾಗಿ ರಾಜ್ಯ ಸರ್ಕಾರ ಪ್ರಕಟಿಸಿತ್ತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರ ಏಪ್ರಿಲ್‌ನಿಂದ ಜುಲೈವರೆಗೆ ದೇಶದ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ, ಈ ಚಿಕಿತ್ಸೆಯಿಂದ ರೋಗ ಉಲ್ಬಣಿಸುವುದಾಗಲಿ ಸಾವಾಗಲಿ ಕಡಿಮೆಯಾಗಲಿಲ್ಲವೆಂದು ಕಂಡುಬಂದಿತು. 2021ರ ಮೇ 17ರಂದು ಇದನ್ನು ರಾಷ್ಟ್ರೀಯ ಚಿಕಿತ್ಸಾ ಮಾರ್ಗಸೂಚಿಯಿಂದ ಕೈಬಿಡಲಾಯಿತು. ಆದುದರಿಂದ ಕೋವಿಡ್ ರೋಗಿಗೆ ಪ್ಲಾಸ್ಮಾ ಬೇಕೆಂದು ಈಗಲೂ ಮೊಬೈಲ್‌ನಲ್ಲಿ ಹರಿದಾಡುವ ಹಳೆಯ ಸಂದೇಶಗಳನ್ನು ನಂಬಬಾರದು, ಮುಂದಕ್ಕೂ ಕಳುಹಿಸಬಾರದು. ಆ ಪ್ರೋತ್ಸಾಹಧನಕ್ಕಾಗಿ ಈಗ ಅರ್ಜಿ ಸಲ್ಲಿಸುವ ಅಗತ್ಯವೂ ಇರುವುದಿಲ್ಲ.

ಆ ದಿನಗಳಲ್ಲಿ ಗುರುತು ಪರಿಚಯವಿಲ್ಲದವರಿಗಾಗಿ ಆಸ್ಪತ್ರೆಗೆ ಹೋಗಿ ಪ್ಲಾಸ್ಮಾ ನೀಡಿದವರ ದಾನ ವ್ಯರ್ಥವಾಯಿತೆಂದು ತಿಳಿಯಬೇಕಾಗಿಲ್ಲ. ಅವರು ನೀಡಿದ ಪ್ಲಾಸ್ಮಾ ಇದ್ದುದರಿಂದಲೇ ಆ ಚಿಕಿತ್ಸೆಯನ್ನು ಪರೀಕ್ಷಿಸಿ ನೋಡಲು ಸಾಧ್ಯವಾಯಿತು.

10. ರೋಗಿಗಾಗಿ ಪ್ಲಾಸ್ಮಾ ಪಡೆಯುವ ಕ್ರಮ

(1) ಚಿಕಿತ್ಸೆ ನೀಡುವ ವೈದ್ಯರು ಸಹಿ ಮಾಡಿದ ಬೇಡಿಕೆ ಪತ್ರ ಹಾಗೂ ಹೆಸರಿನ ಚೀಟಿ ಅಂಟಿಸಿದ ರೋಗಿಯ ರಕ್ತದ ಮಾದರಿಯನ್ನು ರಕ್ತಕೇಂದ್ರಕ್ಕೆ ಒಯ್ಯಬೇಕು. ಚೀಟಿಯಲ್ಲಿನ ಹೆಸರು ಮತ್ತು ಒಳರೋಗಿ ಸಂಖ್ಯೆ ಬೇಡಿಕೆ ಪತ್ರಕ್ಕೆ ಹೊಂದಿಕೆಯಾಗಿರಬೇಕು.
(2) ಪ್ಲಾಸ್ಮಾದ ಗುಂಪು ಹೊಂದಿಕೆಯ ಕ್ರಮ ಕೆಂಪು ಕಣಗಳದ್ದಕ್ಕಿಂತ ಭಿನ್ನ. ಎಬಿ ಗುಂಪಿನ ಪ್ಲಾಸ್ಮಾವನ್ನು ಎಲ್ಲ ಗುಂಪಿನವರಿಗೂ ನೀಡಬಹುದು. ಕೆಂಪು ಕಣಗಳ ವಿಷಯದಲ್ಲಿ ಎಲ್ಲರಿಗೂ ನೀಡಬಹುದಾದುದು ಓ ನೆಗೆಟಿವ್. ರಕ್ತ ಬಹಳ ಜನರಿಗೆ ಹೊಂದುವುದಿಲ್ಲವೆಂದು ಹಿಂಜರಿಯುವ ಎಬಿ ಗುಂಪಿನವರ ಪ್ಲಾಸ್ಮಾ ಅತ್ಯಮೂಲ್ಯವಾದುದು.
(3) ಒಮ್ಮೆ ಕರಗಿಸಿದ ಪ್ಲಾಸ್ಮಾವನ್ನು ಮತ್ತೆ ಹೆಪ್ಪುಗಟ್ಟಿಸಿ ಇಡುವಂತಿಲ್ಲ. ಆದುದರಿಂದ ವೈದ್ಯರು ಹೇಳಿದ ಸಮಯಕ್ಕೆ, ಹೇಳಿದಷ್ಟನ್ನೇ ಪಡೆಯತಕ್ಕದ್ದು.
(4) ರಕ್ತಕ್ಕಾಗಲಿ ಪ್ಲಾಸ್ಮಾಕ್ಕಾಗಲಿ ಬೆಲೆ ಇರುವುದಿಲ್ಲ. ಪರೀಕ್ಷೆ, ಚೀಲ, ಶೇಖರಣೆ ಇತ್ಯಾದಿಗಳ ಸಂಸ್ಕರಣಾ ಶುಲ್ಕವನ್ನು ಮಾತ್ರ ನಿಗದಿತ ದರದಲ್ಲಿ ಪಡೆಯಬಹುದೆಂದು ಭಾರತದ ಔಷಧ ಮಹಾನಿಯಂತ್ರಕರು ಮತ್ತೊಮ್ಮೆ ಸ್ಪಷ್ಟಪಡಿಸಿದ್ದಾರೆ. ಪಾವತಿಸಿದ ಹಣಕ್ಕೆ ರಸೀದಿ ಪಡೆಯಿರಿ. ಥಲಸ್ಸೇಮಿಯಾ, ಹಿಮೋಫಿಲಿಯಾ, ಕುಡಗೋಲು ಕಣ ರಕ್ತಹೀನತೆ ಇರುವವರು ಶುಲ್ಕ ವಿನಾಯಿತಿಯ ಬಗ್ಗೆ ರಕ್ತಕೇಂದ್ರದಲ್ಲಿ ವಿಚಾರಿಸತಕ್ಕದ್ದು.
(5) ಆಸ್ಪತ್ರೆಯ ಆವರಣದಲ್ಲಿ ಹಣ ಪಡೆದು ದಾನಿಯನ್ನು ಒದಗಿಸುವುದಾಗಿ ಹೇಳುವ ಮಧ್ಯವರ್ತಿಗಳನ್ನು ದೂರವಿಡಿ. ಅಂತಹವರ ಬಗ್ಗೆ ರಕ್ತಕೇಂದ್ರದ ವೈದ್ಯಾಧಿಕಾರಿಗೆ ಅಥವಾ ಜಿಲ್ಲಾ ಆರೋಗ್ಯ ಅಧಿಕಾರಿಗೆ ಲಿಖಿತ ದೂರು ನೀಡಬಹುದು.

11. ಶಿಬಿರ ಏರ್ಪಡಿಸಲು

ರಕ್ತದಾನ ಶಿಬಿರವನ್ನು ಪರವಾನಗಿ ಪಡೆದ ರಕ್ತಕೇಂದ್ರದ ಮೂಲಕವೇ ನಡೆಸಬೇಕು. ಯುವಕ ಸಂಘ, ಮಹಿಳಾ ಸಂಘ, ಕಾಲೇಜು, ಕಾರ್ಖಾನೆ ಇತ್ಯಾದಿಗಳು ದಿನಾಂಕ, ಸ್ಥಳ, ನಿರೀಕ್ಷಿತ ದಾನಿಗಳ ಸಂಖ್ಯೆ ಹಾಗೂ ಸಂಚಾಲಕರ ದೂರವಾಣಿ ಸಂಖ್ಯೆಯೊಂದಿಗೆ ರಕ್ತಕೇಂದ್ರದ ವೈದ್ಯಾಧಿಕಾರಿಗೆ ಮುಂಚಿತವಾಗಿ ಪತ್ರ ಬರೆಯಬೇಕು. ಗಾಳಿ ಬೆಳಕಿರುವ ಸ್ವಚ್ಛ ಕೊಠಡಿ, ನೀರು, ವಿದ್ಯುತ್ತು, ವಿಶ್ರಾಂತಿ ಮತ್ತು ಉಪಾಹಾರಕ್ಕೆ ಪ್ರತ್ಯೇಕ ಜಾಗ ಇರಬೇಕು. 50ರಿಂದ 70 ದಾನಿಗಳಿಗೆ ಸುಮಾರು 3 ಗಂಟೆ, 100ರಿಂದ 120 ದಾನಿಗಳಿಗೆ ಸುಮಾರು 5 ಗಂಟೆ ಬೇಕಾಗುತ್ತದೆ. ಸಂಗ್ರಹಿಸಿದ ರಕ್ತದಿಂದ ಪ್ಲಾಸ್ಮಾ ಬೇರ್ಪಡಿಸಬೇಕಾದರೆ 6 ಗಂಟೆಗಳ ಮಿತಿ ಇರುವುದರಿಂದ, ಶಿಬಿರದ ಸ್ಥಳದಿಂದ ಕೇಂದ್ರದವರೆಗಿನ ಪ್ರಯಾಣದ ಸಮಯವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಬೆಳಿಗ್ಗೆ ಬೇಗ ಆರಂಭಿಸುವುದು ಒಳಿತು. ಸಭಾ ಕಾರ್ಯಕ್ರಮಕ್ಕಾಗಿ, ಅತಿಥಿಗಳ ಆಗಮನಕ್ಕಾಗಿ ದಾನಿಗಳನ್ನು ಹಸಿದು ಕಾಯಿಸಬಾರದು. ಜೂನ್ 14 ವಿಶ್ವ ರಕ್ತದಾನಿಗಳ ದಿನ ಹಾಗೂ ಅಕ್ಟೋಬರ್ 1 ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ. ಆದರೆ ರೋಗಿಗಳ ಅಗತ್ಯ ವರ್ಷವಿಡೀ ಇರುವುದರಿಂದ ಬೇರೆ ತಿಂಗಳುಗಳಲ್ಲಿಯೂ ಶಿಬಿರ ನಡೆಸುವುದು ಅಪೇಕ್ಷಣೀಯ.

12. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ಪ್ಲಾಸ್ಮಾ ನೀಡಿದರೆ ನನ್ನ ರೋಗನಿರೋಧಕ ಶಕ್ತಿ ಕುಂದುತ್ತದೆಯೇ?
ಉತ್ತರ: ನಿಯಮದ ಮಿತಿಯೊಳಗೆ ನೀಡಿದರೆ ಆರೋಗ್ಯವಂತರ ದೇಹವು ಪ್ರತಿಕಾಯಗಳನ್ನು ಮತ್ತೆ ತಯಾರಿಸಿಕೊಳ್ಳುತ್ತದೆ. ಪದೇ ಪದೇ ನೀಡುವವರ ಪ್ರೋಟೀನ್ ಪರೀಕ್ಷಿಸುವುದು ಇದನ್ನು ಖಚಿತಪಡಿಸಿಕೊಳ್ಳಲೆಂದೇ.

ಪ್ರಶ್ನೆ: ನನ್ನ ರಕ್ತ ಪರೀಕ್ಷೆ ಉಚಿತವಾಗಿ ಆಗಲೆಂದು ದಾನ ಮಾಡಬಹುದೇ?
ಉತ್ತರ: ಖಂಡಿತ ಮಾಡಬಾರದು. ಪ್ರತಿ ದಾನವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾಕ್ಕಾಗಿ ಪರೀಕ್ಷಿಸಲಾಗುತ್ತದೆ, ನಿಜ. ಆದರೆ ಸೋಂಕು ತಗಲಿದ ಆರಂಭದ ದಿನಗಳಲ್ಲಿ ಅದು ಪರೀಕ್ಷೆಯಲ್ಲಿ ಕಾಣದಿರಬಹುದು, ರೋಗಿಗೆ ಮಾತ್ರ ತಗಲಬಹುದು. ಸಂದೇಹವಿದ್ದವರು ಸರ್ಕಾರಿ ಆಸ್ಪತ್ರೆಯ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ ಉಚಿತವಾಗಿ, ಗೌಪ್ಯವಾಗಿ ಪರೀಕ್ಷಿಸಿಕೊಳ್ಳಬಹುದು. ಉಚಿತ ಸಹಾಯವಾಣಿ: 1097.

ಪ್ರಶ್ನೆ: ಇತ್ತೀಚೆಗೆ ರಕ್ತದಾನ ಮಾಡಿದ್ದೇನೆ. ಯಂತ್ರದ ಮೂಲಕ ಪ್ಲೇಟ್‌ಲೆಟ್ ನೀಡಬಹುದೇ?
ಉತ್ತರ: ರಕ್ತದಾನದ ನಂತರ ಕನಿಷ್ಠ 28 ದಿನ ಕಳೆದಿರಬೇಕು. ಆಸ್ಪಿರಿನ್ ಮಾತ್ರೆ ಸೇವಿಸಿದ್ದಲ್ಲಿ 3 ದಿನ ಕಳೆದಿರಬೇಕು.

ಪ್ರಶ್ನೆ: ಮಾಲೀಕರು ಅಥವಾ ಮೇಲಧಿಕಾರಿಗಳು ದಾನ ಮಾಡಲೇಬೇಕೆಂದು ಒತ್ತಾಯಿಸಬಹುದೇ?
ಉತ್ತರ: ಇಲ್ಲ. ದಾನವು ಸಂಪೂರ್ಣ ಸ್ವಯಂಪ್ರೇರಿತವಾಗಿರಬೇಕು. ಒತ್ತಾಯವಿದ್ದಲ್ಲಿ ತಪಾಸಣೆಯ ಸಮಯದಲ್ಲಿ ವೈದ್ಯರಿಗೆ ಖಾಸಗಿಯಾಗಿ ತಿಳಿಸಬಹುದು.

13. ಸಂಪರ್ಕ

ಸಂಡೂರು ಮತ್ತು ಕಂಪ್ಲಿ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಗೆ ಸೇರಿವೆ. ಹೊಸಪೇಟೆ ಹಾಗೂ ಹಂಪಿ ಭಾಗವು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿದೆ. ಆದುದರಿಂದ ದೂರು ಹಾಗೂ ಮನವಿಗಳನ್ನು ಆಯಾ ಜಿಲ್ಲೆಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳಿಗೆ ಸಲ್ಲಿಸತಕ್ಕದ್ದು. ಆದರೆ ದಾನ ಮಾಡಲಾಗಲಿ, ರಕ್ತ ಪಡೆಯಲಾಗಲಿ ಜಿಲ್ಲೆಯ ಗಡಿ ಅಡ್ಡಿಯಾಗುವುದಿಲ್ಲ. ಪರವಾನಗಿ ಪಡೆದ ರಕ್ತಕೇಂದ್ರಗಳ ಪಟ್ಟಿ ಹಾಗೂ ಅವುಗಳಲ್ಲಿ ಲಭ್ಯವಿರುವ ಘಟಕಗಳ ವಿವರವನ್ನು ಕೇಂದ್ರ ಸರ್ಕಾರದ ಇ-ರಕ್ತಕೋಶ ಜಾಲತಾಣದಲ್ಲಿ ನೋಡಬಹುದು. ಹೊರಡುವ ಮುನ್ನ ದೂರವಾಣಿ ಮೂಲಕ ಖಚಿತಪಡಿಸಿಕೊಂಡಲ್ಲಿ ವ್ಯರ್ಥ ಪ್ರಯಾಣ ತಪ್ಪುತ್ತದೆ.

ಈ ಪುಟದ ವಿವರಗಳು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ದಾನಿಯ ಯೋಗ್ಯತೆಯ ಬಗ್ಗೆ ರಕ್ತಕೇಂದ್ರದ ವೈದ್ಯಾಧಿಕಾರಿಯ ತೀರ್ಮಾನವೇ ಅಂತಿಮ. ಆರೋಗ್ಯವಂತರಾದ ನಾಗರಿಕರು ಭಯವನ್ನು ಬಿಟ್ಟು, ಆದರೆ ನಿಯಮವನ್ನು ಬಿಡದೆ, ದಾನಕ್ಕೆ ಮುಂದಾಗಬೇಕೆಂದು ಕೋರಲಾಗಿದೆ.